ಎಪ್ಪತ್ತೆರಡು ಫೋರ್ಕುಗಳು ಮತ್ತು ನನ್ನ ಮಾಜಿ ಹೆಂಡತಿಯ ಮದುವೆ

ಮಾಜಿ ಹೆಂಡತಿಯ ಮದುವೆಯಲ್ಲಿ ಗಂಡಸು ಹೇಗೆ ನಡೆದುಕೊಳ್ಳಬೇಕೆಂದು ಸಿರಿವಂತರ ಕಡಲೂರಾದ ಇಡೀ ನ್ಯೂಪೋರ್ಟಿಗೆ ಪಾಠ ಹೇಳಲು ನಾನು ಆ ಜೂನ್ ತಿಂಗಳಲ್ಲಿ ತೀರ್ಮಾನಿಸಿದ್ದೆ. ಹೋಗುವುದು, ಎರಡನೆಯ ಸಾಲಿನಲ್ಲಿ ಕೂರುವುದು, ಮುಗುಳ್ನಗುವುದು, ಹೊಸ ಗಂಡನ ಕೈ ಕುಲುಕಿ ಎರಡು ಬೆರಳನ್ನಾದರೂ ನೋಯಿಸುವುದು, ಶಾಂಪೇನ್ ಕುಡಿದು ಮನೆಗೆ ಬರುವುದು. ನನ್ನ ಗಾಂಭೀರ್ಯ ಕಂಡು ಸಮುದ್ರವೇ ಅಂದು ಅಲೆ ಎಬ್ಬಿಸಲು ನಾಚಬೇಕು!

ಅಗಸ್ಟಾ ಎರಡು ವರ್ಷದ ಕೆಳಗೆ ಆರು ವಾರ ಕೂತರೆ ವಿಚ್ಛೇದನ ಕೊಡುವ ನೆವಾಡಾಕ್ಕೆ ಹೋಗಿ ಅದನ್ನು ತಂದವಳು. ಬೇರೆಯವರು ಹವಾ ಬದಲಾವಣೆಗೆ ಹೋಗುವಂತೆ ನಮ್ಮ ಜನ ಇದಕ್ಕೆ ಹೋಗುತ್ತಾರೆ. ಹಾಯಿದೋಣಿಯ ಪಂದ್ಯದ ಗುಂಗಿನಲ್ಲಿ ನಾನು ಸತತ ಹನ್ನೊಂದು ವರ್ಷ ಅವಳ ಹುಟ್ಟುಹಬ್ಬ ಮರೆತೆನೆಂಬುದು ಅವಳ ದೂರು. ಹತ್ತೇ ವರ್ಷ ಎಂಬುದು ನನ್ನ ಸಮರ್ಥನೆ. ಬಂಗಲೆ, ಕುದುರೆ, ದೋಣಿ ಎಲ್ಲ ಸಲೀಸಾಗಿ ಹಂಚಿಹೋದವು. ಕದನ ನಡೆದದ್ದು ನಮ್ಮ ಮದುವೆಗೆ ಉಡುಗೊರೆಯಾಗಿ ಬಂದ ಊಟದ ಬೆಳ್ಳಿ ಸಾಮಾನಿಗಾಗಿ. ಕೊನೆಗೆ ವಕೀಲರು ಬೆವರೊರೆಸಿಕೊಂಡು ಚಾಕುಗಳನ್ನು ಅವಳಿಗೂ ಫೋರ್ಕುಗಳನ್ನು ನನಗೂ ಕೊಟ್ಟು ಕೈ ತೊಳೆದುಕೊಂಡರು.

ಈಗ ಅವಳು ವರಿಸಲಿದ್ದವನು ಚಿಕಾಗೋದ ಗುಂಡಿ ಕಾರ್ಖಾನೆಯ ಒಡೆಯ ಮಿಲ್ಬರ್ನ್ ಕ್ರಾಕರ್. ಅಮೆರಿಕದ ಅರ್ಧ ಅಂಗಿಗಳು ಬಿಚ್ಚಿಕೊಳ್ಳದಿರುವುದು ತನ್ನಿಂದಲೇ ಎಂದು ನಂಬಿದವನು. ಮದುವೆಗೆ ಒಂದು ವಾರ ಮುಂಚೆ ಅಗಸ್ಟಾಳ ಚೀಟಿ ಬಂತು: ಮದುವೆಯ ಊಟಕ್ಕೆ ಎಪ್ಪತ್ತು ಜನ, ಚಾಕುಗಳಿಗೆ ಜೋಡಿಯಾಗುವ ಫೋರ್ಕುಗಳಿಲ್ಲ, ಒಂದು ದಿನದ ಮಟ್ಟಿಗೆ ಕಳಿಸುತ್ತೀಯಾ? ನಮ್ಮವರ ಮೇಜಿನ ಮೇಲೆ ಜೋಡಿ ತಪ್ಪಿದ ಬೆಳ್ಳಿ ಇಡುವುದಕ್ಕಿಂತ ವರನೇ ತಪ್ಪಿಸಿಕೊಂಡರೆ ವಾಸಿ. ಮಹಾದಾನಿಯಂತೆ ಮೀಸೆ ತಿರುವಿ, ಪೆಟ್ಟಿಗೆಯನ್ನು ತೆರೆಯದೆಯೇ ಕಾರಿನಲ್ಲಿ ಕಳಿಸಿಬಿಟ್ಟೆ.

ಮದುವೆಯ ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದೆ. ಬ್ರಷ್ಷಿನ ಬೆಳ್ಳಿ ಹಿಡಿಯ ಮೇಲೆ ಕೊರೆದಿದ್ದ ನನ್ನ ಹೆಸರು ಕಣ್ಣಿಗೆ ಬಿತ್ತು. ಕತ್ತಿ ಕೆನ್ನೆಯ ಮೇಲೇ ನಿಂತುಹೋಯಿತು.

ವಿಚ್ಛೇದನದ ಕಾಗದ ಕೈಗೆ ಬಂದ ದಿನ ಸಿಟ್ಟಿನ ಭರದಲ್ಲಿ ಬಾಸ್ಟನ್ನಿನ ಅಕ್ಕಸಾಲಿಯ ಹತ್ತಿರ ಹೋಗಿದ್ದೆ. ಎಪ್ಪತ್ತೆರಡು ಫೋರ್ಕುಗಳ ಮೇಲೂ, ಇನ್ನು ಯಾವಳೂ ಇವುಗಳ ತಂಟೆಗೆ ಬರಬಾರದೆಂದು, ‘ಹೊರೇಸ್ ಪೆಲ್ಹಾಮ್ ಟ್ರಾಸ್ಕ್’ ಎಂದು ಉದ್ದಕ್ಕೆ ಕೊರೆಸಿದ್ದೆ. ಆಮೇಲೆ ದಿನಾ ಕ್ಲಬ್ಬಿನಲ್ಲೇ ಊಟ. ಸಂಗತಿ ಸಂಪೂರ್ಣ ಮರೆತಿತ್ತು. ಇನ್ನು ಎರಡು ಗಂಟೆಯಲ್ಲಿ ಎಪ್ಪತ್ತು ಮಂದಿ ದೊಡ್ಡ ಮನುಷ್ಯರು ತುತ್ತುತುತ್ತಿಗೂ ಮಾಜಿ ಗಂಡನ ಹೆಸರನ್ನು ಬಾಯಿಗಿಟ್ಟುಕೊಳ್ಳುತ್ತಾರೆ! ಇದು ನಾನು ಬೇಕೆಂದೇ ಮಾಡಿದ ಕುಹಕವೆಂದು ಅಗಸ್ಟಾ ತಿಳಿಯುತ್ತಾಳೆ. ಊರು ನಗಲಿ, ಕ್ರಾಕರ್ ಕುದಿಯಲಿ, ನನಗೇನು? ಆದರೆ ಅಗಸ್ಟಾ ಇನ್ನೆಂದೂ ನನ್ನ ಮುಖ ನೋಡುವುದಿಲ್ಲ ಎಂಬ ಯೋಚನೆ ಬಂದಾಗ, ಎರಡು ವರ್ಷ ನಾನು ಕಾದದ್ದು ಅವಳು ಒಮ್ಮೆ ನೋಡಲಿ ಎಂದೇ ಎಂಬುದು ಸೋಪಿನ ನೊರೆಯ ನಡುವೆ ಹೊಳೆಯಿತು. ಇಂಥ ಸತ್ಯಗಳು ಹೊತ್ತುಗೊತ್ತು ನೋಡಿ ಬರುವುದಿಲ್ಲ.

ಅರ್ಧ ಗಡ್ಡದಲ್ಲೇ, ಊಟ ಏರ್ಪಾಡಾಗಿದ್ದ ಅವಳ ಚಿಕ್ಕಮ್ಮನ ಬಂಗಲೆಗೆ ಓಡಿದೆ. ಎಲ್ಲರೂ ಆಗಲೇ ಚರ್ಚಿಗೆ ಹೊರಟಿದ್ದರು. ಅಡುಗೆಮನೆಯ ಬಾಗಿಲಿಂದ ನುಗ್ಗಿ ಊಟದ ಕೋಣೆ ಸೇರಿದರೆ, ಎಪ್ಪತ್ತು ತಟ್ಟೆಗಳ ಪಕ್ಕದಲ್ಲೂ ನಾನು ಮಲಗಿದ್ದೇನೆ! ಅದೃಷ್ಟಕ್ಕೆ ಹೆಸರಿರುವ ಮಗ್ಗುಲು ಕೆಳಗಿತ್ತು. ಆಯತೊಡಗಿದೆ. ಕೋಟಿನ ಜೇಬು ತುಂಬಿತು, ಟೋಪಿ ತುಂಬಿತು, ಕಾಲುಚೀಲದೊಳಗೆ ಸಿಕ್ಕಿಸಿಕೊಂಡ ಷರಾಯಿಯ ಎರಡೂ ಕಾಲು ತುಂಬಿದವು. ನಡೆದರೆ ಜೋಡಿ ಕುದುರೆಯ ಸಾರೋಟು ಹೋದ ಸದ್ದು. ಮದುವೆ ಹನ್ನೆರಡಕ್ಕೆ. ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು, ನನ್ನ ಎದೆ ಹದಿಮೂರು ಹೊಡೆಯುತ್ತಿತ್ತು.

ಆಗ ಹೆಗಲ ಮೇಲೆ ಒಂದು ಕೈ ಬಿತ್ತು. ನಮ್ಮಲ್ಲಿ ಮದುವೆಯ ಉಡುಗೊರೆಗಳನ್ನು ಪಕ್ಕದ ಕೋಣೆಯಲ್ಲಿ ಜೋಡಿಸಿಟ್ಟು, ಕಾವಲಿಗೆ ಒಬ್ಬ ಪತ್ತೇದಾರನನ್ನು ನೆಂಟನ ವೇಷದಲ್ಲಿ ನಿಲ್ಲಿಸುವುದು ವಾಡಿಕೆ. ನಾನದನ್ನು ಮರೆತಿದ್ದೆ. ಇವನ ಹೆಸರು ಫ್ಲಾನರಿ. ಕೈ ಮಾತ್ರ ದೋಣಿಯ ಹುಟ್ಟು ಹಾಕುವವನದು.

ನಾನು ಈ ಫೋರ್ಕುಗಳ ಮಾಲೀಕನೆಂದೆ. ಎಲ್ಲ ಕಳ್ಳರೂ ಹಾಗೇ ಅನ್ನುತ್ತಾರೆಂದ. ಮೇಲೆ ಬರೆದಿದೆ ಓದಿ ನೋಡಪ್ಪ ಎಂದೆ. ಓದಿದ. ನನ್ನ ಮುಖ ನೋಡಿದ. ಪೊಲೀಸು ಠಾಣೆಗೆ ಒಯ್ಯುತ್ತಾನೆಂದುಕೊಂಡರೆ, ಯಜಮಾನಿಯೇ ಗುರುತಿಸಲಿ ಎಂದು ನೆಟ್ಟಗೆ ಚರ್ಚಿನ ಕಡೆ ಎಳೆದ. ದಾರಿಯಲ್ಲಿ ನನ್ನ ಟೈ ಸರಿಪಡಿಸಿದ. ಇದೇಕೆಂದು ಆಗ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಈ ವಿವಾಹಕ್ಕೆ ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಪಾದ್ರಿಗಳು ಕೇಳಿ, ಯಾರದೂ ಇಲ್ಲವೆಂಬ ಧೈರ್ಯದಲ್ಲಿ ಹಾಳೆ ಮಗುಚುತ್ತಿದ್ದರು. ಬಾಗಿಲು ತೆರೆಯಿತು. ನಾನು ಎರಡು ಹೆಜ್ಜೆ ಇಟ್ಟೆ. ಎಡಗಾಲಿನ ಷರಾಯಿ ಸೋರತೊಡಗಿತು. ಟಣ್! ಟಣ್! ಟಣ್! ನಡುಹಾದಿಯ ಉದ್ದಕ್ಕೂ ಬೆಳ್ಳಿಯ ಮಳೆ. ಒಂದು ಫೋರ್ಕು ಜಾರುತ್ತ ಹೋಗಿ ಕ್ರಾಕರನ ಬೂಟಿಗೆ ತಾಗಿ ನಿಂತಿತು. ಅವನು ಎತ್ತಿ ಓದಿದ; ಕಿವಿಯವರೆಗೂ ಕೆಂಪಾದ.

ಫ್ಲಾನರಿ ಕೇಳಿದ: “ಅಮ್ಮಾವ್ರೇ, ಈ ಮನುಷ್ಯ ನಿಮಗೆ ಗೊತ್ತಾ?”

ಅಗಸ್ಟಾ ಮುಸುಕು ಸರಿಸಿದಳು. ನನ್ನ ಅರ್ಧ ಗಡ್ಡ, ಟೋಪಿ ತುಂಬ ಬೆಳ್ಳಿ, ಸೋರುವ ಷರಾಯಿ, ಎಲ್ಲವನ್ನೂ ನಿಧಾನವಾಗಿ ನೋಡಿದಳು.

“ಗೊತ್ತು. ನನ್ನ ಗಂಡ.”

“ಮಾಜಿ ಗಂಡ,” ಎಂದು ಕ್ರಾಕರ್ ತಿದ್ದಿದ.

ಅವಳೂ ತಿದ್ದಿಕೊಳ್ಳಲಿ ಎಂದು ಅವನು ಕಾದ. ಪಾದ್ರಿಗಳು ಕಾದರು. ಎಪ್ಪತ್ತು ಜನ ಕಾದರು. ಅವಳು ತಿದ್ದಿಕೊಳ್ಳಲಿಲ್ಲ. ಕ್ರಾಕರ್ ತನ್ನ ಕೋಟಿನ ಗುಂಡಿಗಳನ್ನೆಲ್ಲ ಒಂದೊಂದಾಗಿ ಹಾಕಿಕೊಂಡು, ಮೂರು ಗಂಟೆಯ ರೈಲು ಹಿಡಿದ. ಊಟ ಹಾಳಾಗಬಾರದೆಂದು ನೆಂಟರು ನನ್ನ ಹೆಸರಿನಲ್ಲೇ ಚೆನ್ನಾಗಿ ಊಟ ಮಾಡಿದರು.

ಮರುತಿಂಗಳು ಅದೇ ಪಾದ್ರಿಗಳ ಮುಂದೆ ನಾನು ಅವಳನ್ನು ಎರಡನೆಯ ಸಲ ಮದುವೆಯಾದೆ. ಮೊದಲ ಊಟಕ್ಕೆ ಕೂತಾಗ ಸ್ವಲ್ಪ ಜಂಬ ಬಂತು. ಹೇಗೆ ನಿನ್ನ ಮಾನ ಕಾಪಾಡಿದೆ ನೋಡಿದೆಯಾ ಎಂದು ಕೆಣಕಿದೆ.

“ಚಿಕ್ಕಮ್ಮನ ಹತ್ರ ಇನ್ನೂರು ಫೋರ್ಕಿದೆ, ಹೊರೇಸ್. ನಿನ್ನವು ನಂಗ್ಯಾಕೆ ಬೇಕಿತ್ತು?” ಎಂದಳು ಅಗಸ್ಟಾ.

ನಾನು ಕೈಯಲ್ಲಿದ್ದ ಫೋರ್ಕನ್ನು ತಟ್ಟೆಯ ಪಕ್ಕಕ್ಕಿಟ್ಟೆ.

“ನೀನೇ ತಗೊಂಡು ಬರ್ತೀಯ, ಬಂದವನು ಈ ಮದುವೆ ಬೇಡ ಅಂತೀಯ ಅಂದ್ಕೊಂಡೆ. ನೀನೋ ಮಹಾರಾಯ, ಡ್ರೈವರ್ ಕೈಲಿ ಕಳ್ಸಿದೆ. ಪೆಟ್ಟಿಗೆ ತೆಗೆದು ನಿನ್ನ ಹೆಸರು ನೋಡ್ದೆ. ಇದು ನೆನಪಾದ್ರೆ ಓಡಿ ಬಂದೇ ಬರ್ತೀಯ ಅನ್ಸಿತು. ಎಲ್ಲಾನೂ ಬೋರಲಾಗಿ ಇಡಿಸ್ದೆ. ಎತ್ತರದ ಮನುಷ್ಯ ಒಬ್ಬ ಬಂದು ಫೋರ್ಕಿಗೆ ಕೈ ಹಾಕಿದ್ರೆ ಠಾಣೆಗೆ ಬೇಡ, ಚರ್ಚಿಗೆ ಕರ್ಕೊಂಡು ಬಾ ಅಂತ ಫ್ಲಾನರಿಗೆ ಹೇಳಿದ್ದೆ.”

“ನನಗೆ ನೆನಪಾಗದೇ ಹೋಗಿದ್ದರೆ?”

“ಹನ್ನೊಂದು ವರ್ಷ ನೋಡಿದ್ನಲ್ಲ. ಅದೇ ಹೆದರಿಕೆಲಿ ಪಾದ್ರಿಗಳಿಗೆ ಆದಷ್ಟು ನಿಧಾನಕ್ಕೆ ಓದಿ ಅಂದಿದ್ದೆ,” ಎಂದಳು.

ಹತ್ತೇ ವರ್ಷ ಎನ್ನಲು ಬಾಯಿ ತೆರೆದೆ. ಹಾಗೇ ಮುಚ್ಚಿದೆ. ಫೋರ್ಕುಗಳ ಮೇಲೆಲ್ಲ ಇಂದಿಗೂ ನನ್ನ ಹೆಸರೇ ಇದೆ, ನಿಜ. ಆದರೆ ಚಾಕುಗಳೆಲ್ಲ ಅವಳ ಕಡೆಯೇ ಇವೆ.