ಮುನ್ನೂರ ಹನ್ನೆರಡು ಆಟ, ಒಂದೇ ಸವೆದ ಬಟನ್

ರಿಪೇರಿ ಅಂಗಡಿ ಇಟ್ಟವನು ನಗೋದಕ್ಕೆ ಅಂತ ಎಲ್ಲೂ ಹೋಗಬೇಕಾಗಿಲ್ಲ. ನಗು ತಾನಾಗಿ ಅಂಗಡಿಗೆ ಬರುತ್ತೆ, ಕವರಲ್ಲಿ ಸುತ್ಕೊಂಡು, "ಸಾರ್, ಇದನ್ನ ಸ್ವಲ್ಪ ನೋಡಿ" ಅಂತ.

ಜಯನಗರದಲ್ಲಿ ಒಂದು ಬೇಕರಿ ಪಕ್ಕ ನನ್ನದು ಎಂಟಡಿ ಅಗಲದ ಅಂಗಡಿ. ಟಿವಿಗೆ ಹಾಕಿ ಆಡೋ ಗೇಮ್ ಡಬ್ಬ, ಅದರ ಜಾಯ್‌ಸ್ಟಿಕ್, ಇವೆರಡೂ ರಿಪೇರಿ ಮಾಡ್ತೀನಿ. ಎಷ್ಟು ವರ್ಷದಿಂದ ಮಾಡ್ತಿದ್ದೀನಿ ಅಂದ್ರೆ, ಒಂದು ಜಾಯ್‌ಸ್ಟಿಕ್ ಬಿಚ್ಚಿ ನೋಡಿದ್ರೆ ಸಾಕು, ಆಡಿದವರ ಸ್ವಭಾವ ಹೇಳಿಬಿಡ್ತೀನಿ. ಸಿಟ್ಟಿನವರದ್ದು ಗುದ್ದೋ ಬಟನ್ ಸವೆದಿರುತ್ತೆ. ಪುಕ್ಕಲರದ್ದು ಓಡಿಹೋಗೋ ಬಟನ್. ನನ್ನದೇ ಬಿಚ್ಚಿದಾಗ ಎರಡನೇದೇ ಸವೆದಿತ್ತು, ಅದನ್ನ ಮನೇಲಿ ಹೇಳಿಲ್ಲ.

ಮೊದಲು ವಾರಕ್ಕೆ ಇಪ್ಪತ್ತು ಜಾಯ್‌ಸ್ಟಿಕ್ ಬರ್ತಿದ್ವು. ಈಗ ಎರಡು ಬಂದ್ರೆ ಅದೇ ಹಬ್ಬ. ಗೇಮ್ ಕಮ್ಮಿಯಾಗಿದೆಯಾ ಅಂದ್ರೆ ಅದೂ ಇಲ್ಲ. ದೋಸೆ ದುಡ್ಡಿಗೆ ಒಂದು ಗೇಮ್ ಸಿಗುತ್ತೆ, ಎಷ್ಟೋ ಪುಕ್ಕಟೆ. ಎಲ್ರ ಮನೇಲೂ ರಾಶಿ ಬಿದ್ದಿವೆ. ಆದ್ರೆ ಆಡಿದ್ರೆ ತಾನೇ ಬಟನ್ ಸವೆಯೋದು?

ಇದನ್ನ ನೋಡಿ ನನ್ನ ಬಾಮೈದ ಒಂದು ದಿನ ಬಂದು ಕೂತ. "ಭಾವ, ಅಂಗಡಿ ನನಗೆ ಬಿಡಿ. ಇಬ್ರೂ ಸೇರಿ ಮೋಮೋ ಕೌಂಟರ್ ಮಾಡೋಣ. ಶ್ರಾವಣದೊಳಗೆ ಒಂದು ಮಾತು ಹೇಳಿ" ಅಂದ. ನನ್ನ ಹೆಂಡತಿ ಅವನ ಕಡೆಗೇ. "ರೀ, ಮೋಮೋನ ಯಾರೂ ಸೇಲಲ್ಲಿ ತಗೊಂಡು ತಿನ್ನದೆ ಇಡಲ್ಲ" ಅಂದ್ಲು. ಮಾತು ಸರಿಯೇ. ಆದ್ರೂ ಅಂಗಡಿ ಬಿಡೋಕೆ ಮನಸ್ಸು ಬರದೆ, "ಶ್ರಾವಣ ಬರಲಿ, ನೋಡೋಣ" ಅಂದೆ.

ಒಂದೇ ಬಟನ್

ಜೆ.ಪಿ. ನಗರದ ಬ್ಯಾಂಕ್ ಮ್ಯಾನೇಜರ್ ಒಬ್ರು ಜಾಯ್‌ಸ್ಟಿಕ್ ತಂದ್ರು. ನಲವತ್ತೈದರ ಆಸುಪಾಸಿನ ಸಂಭಾವಿತ ಮನುಷ್ಯ. "ಸಾರ್, ಕೆಳಕ್ಕೆ ಹೋಗೋ ಬಟನ್ ಕೆಲಸ ಮಾಡ್ತಿಲ್ಲ" ಅಂದ್ರು.

ಬಿಚ್ಚಿದೆ. ನನ್ನ ಸರ್ವೀಸಲ್ಲೇ ಅಂಥದ್ದು ನೋಡಿರಲಿಲ್ಲ. ಗುದ್ದೋದು, ಹಾರೋದು, ಓಡೋದು, ಎಲ್ಲ ಬಟನ್ನೂ ಫಳಫಳ ಹೊಸದು. ಕೆಳಕ್ಕೆ ಹೋಗೋದೊಂದು ಮಾತ್ರ ಸವೆದು ಚಪ್ಪಟೆ.

"ಸಾರ್, ಯಾವ ಗೇಮ್ ಆಡ್ತೀರಾ?" ಅಂದೆ.

"ನನ್ನ ಹತ್ರ ಮುನ್ನೂರ ಹನ್ನೆರಡಿದೆ."

"ಅದು ಸರಿ. ಆಡೋದು ಯಾವುದು?"

ಅವರು ಸ್ವಲ್ಪ ತಡವರಿಸಿದ್ರು. "ಊಟ ಆದ್ಮೇಲೆ ದಿನಾ ಕೂರ್ತೀನಿ ಸಾರ್. ಪಟ್ಟಿ ಮೇಲಿಂದ ಕೆಳಕ್ಕೆ ನೋಡ್ಕೊಂಡು ಹೋಗ್ತೀನಿ. ಇದು ಆಡೋಣ ಅನ್ನೋವಷ್ಟರಲ್ಲಿ ಅದರ ಕೆಳಗಿರೋದು ಇನ್ನೂ ಚೆನ್ನಾಗಿರಬಹುದು ಅನ್ಸುತ್ತೆ. ಪಟ್ಟಿಯ ಕೊನೆಗೆ ಬರೋ ಹೊತ್ತಿಗೆ ಮನೆಯವ್ರು ಬಂದು ಟಿವಿ ಆರಿಸಿ ಅಂತಾರೆ."

"ಮತ್ತೆ ಯಾಕೆ ಸಾರ್ ಅಷ್ಟೊಂದು ತಗೊಂಡ್ರಿ?"

"ಸೇಲಿತ್ತು ಸಾರ್. ಒಂದು ಮಸಾಲೆ ದೋಸೆಗಿಂತ ಕಮ್ಮಿ."

"ಕಮ್ಮಿ ಅಂತ ಯಾರಾದ್ರೂ ಮುನ್ನೂರ ಹನ್ನೆರಡು ದೋಸೆ ತಗೊಂಡು ಫ್ರಿಜ್ಜಲ್ಲಿಡ್ತಾರಾ?" ಅಂದೆ.

ಅವರು ಸೀರಿಯಸ್ಸಾಗಿ ಯೋಚನೆ ಮಾಡಿ, "ದೋಸೆಗೆ ಸೇಲ್ ಬಂದಿಲ್ಲ ಸಾರ್ ಇನ್ನೂ" ಅಂದ್ರು.

ಕರೆಂಟ್ ಹೋದ ಸಂಜೆ

ಹೊಸ ಬಟನ್ ಹಾಕ್ತಾ ಅವರಿಗೊಂದು ಹಳೇ ಕಥೆ ಹೇಳಿದೆ. ಇಪ್ಪತ್ತೈದು ವರ್ಷದ ಹಿಂದೆ ಇದೇ ಜಾಗದಲ್ಲಿ ನಾನು ಗೇಮ್ ಪಾರ್ಲರ್ ಇಟ್ಟಿದ್ದೆ. ಒಂದು ಟಿವಿ, ಎರಡು ಜಾಯ್‌ಸ್ಟಿಕ್, ಒಂದೇ ಗೇಮ್. ದೋಣಿ ಓಡಿಸ್ಕೊಂಡು ಹೋಗಿ ದ್ವೀಪ ಸೇರೋದು. ಕಾಲೇಜು ಹುಡುಗರು ಸರದಿಗೆ ಕಾದು ಕೂರೋರು. ಆರು ತಿಂಗಳಾದ್ರೂ ಒಬ್ರೂ ದ್ವೀಪ ಸೇರಿರಲಿಲ್ಲ.

ಒಂದು ಸಂಜೆ ಒಬ್ಬ ದ್ವೀಪ ಕಣ್ಣಿಗೆ ಕಾಣೋವರೆಗೂ ಹೋದ. ಅಷ್ಟರಲ್ಲಿ ಕರೆಂಟ್ ಹೋಯ್ತು. ಎದ್ದರೆ ಸರದಿ ಹೋಗುತ್ತೆ ಅಂತ ಒಬ್ಬನೂ ಏಳಲಿಲ್ಲ. ಎಂಟು ಜನ ಆ ಕತ್ತಲಲ್ಲೇ ಟಿವಿ ಕಡೆ ನೋಡ್ಕೊಂಡು ಕೂತಿದ್ರು. ಆ ಹೊತ್ತಿಗೆ ದೋಣಿ ಓಡಿಸ್ತಿದ್ದ ಹುಡುಗನ ಅಪ್ಪ ಟಾರ್ಚ್ ಹಿಡ್ಕೊಂಡು ಮಗನ್ನ ಹುಡುಕ್ತಾ ಬಂದ್ರು. ಬೈಯೋಕೆ ಅಂತಲೇ ಬಂದಿದ್ದು. ಎಲ್ರೂ ಉಸಿರು ಬಿಗಿ ಹಿಡಿದು ಕೂತಿರೋದು ನೋಡಿ, "ಏನಾಯ್ತಪ್ಪ, ಯಾರಿಗೇನಾಯ್ತು?" ಅಂದ್ರು. ದ್ವೀಪದ ವಿಷಯ ಹೇಳಿದ್ವಿ.

"ಸೇರಿದ್ರೆ ಏನು ಕೊಡ್ತಾರೆ?"

"ಏನೂ ಕೊಡಲ್ಲ ಅಂಕಲ್. ಸೇರೋದು ಅಷ್ಟೇ."

ಅವರೂ ಸ್ಟೂಲ್ ಎಳ್ಕೊಂಡು ಕೂತ್ರು. ಮುಕ್ಕಾಲು ಗಂಟೆ ಆದ್ಮೇಲೆ ಕರೆಂಟ್ ಬಂತು, ಗೇಮ್ ಮೊದಲಿಂದ ಶುರುವಾಯ್ತು. ಹುಡುಗ ತಲೆ ಮೇಲೆ ಕೈ ಹೊತ್ತು ಕೂತ. ಅಪ್ಪ ನನ್ನ ಹತ್ರ ಬಂದು ಮೆಲ್ಲಗೆ, "ಮೊದಲಿಂದ ಹೋಗಬೇಕಾದ್ರೆ ಸರದಿಯಲ್ಲಿ ನನ್ನ ಹೆಸರೂ ಬರ್ಕೊಳ್ಳಿ" ಅಂದ್ರು.

ಮ್ಯಾನೇಜರ್ ಇಷ್ಟನ್ನೂ ಕೇಳಿ, "ಆಮೇಲೆ ಅವರು ದ್ವೀಪ ಸೇರಿದ್ರಾ?" ಅಂದ್ರು. ಸೇರಿದ್ರು, ಮಗನಿಗಿಂತ ಮೊದಲು. ಆ ಮಗ ಒಂದು ವಾರ ಅಪ್ಪನ್ನ ಮಾತಾಡಿಸಿರಲಿಲ್ಲ.

ಎರಡು ಹೂಂ

ಆಷಾಢ ಶುರುವಾಗೋ ಹೊತ್ತಿಗೆ ಅದೇ ಮ್ಯಾನೇಜರ್ ಗೇಮ್ ಡಬ್ಬ ತಂದಿಟ್ರು. ಅದರ ಮೆಮೊರಿ ತುಂಬಿ ತುಳುಕ್ತಿತ್ತು, ಉಸಿರಾಡೋಕೂ ಜಾಗ ಇಲ್ಲ. "ಬೇಡದ ಕಸ ತೆಗೀರಿ ಸಾರ್, ಗೇಮ್ ಒಂದೂ ಮುಟ್ಟಬೇಡಿ" ಅಂತ ಹೇಳಿ ಹೋದ್ರು.

ನಾನು ಆ ಕೆಲಸದಲ್ಲಿದ್ದಾಗ ಬಾಮೈದ ಫೋನ್ ಮಾಡಿದ. ಎರಡು ಒಲೆ ಇಡೋಣ ಅಂದ, ಹೂಂ ಅಂದೆ. ಬೋರ್ಡ್ ಕೆಂಪಗಿರಲಿ ಅಂದ, ಹೂಂ ಅಂದೆ. ಆ ಹೊತ್ತಿಗೇ ಟಿವಿ ಪರದೆ ಮೇಲೆ "ಎಲ್ಲವನ್ನೂ ಅಳಿಸಲೇ?" ಅಂತ ಬಂದಿದೆ. ಬಾಯಲ್ಲಿ ಅವನಿಗೆ ಹೂಂ ಅಂತಿದ್ದ ಗುಂಗಲ್ಲಿ ಕೈಯಲ್ಲಿ ಅದಕ್ಕೂ ಹೂಂ ಒತ್ತಿಬಿಟ್ಟೆ. ಮುನ್ನೂರ ಹನ್ನೆರಡೂ ಸ್ವಾಹಾ.

ಸಂಜೆ ಅವರು ಬಂದಾಗ ಸುಳ್ಳು ಹೇಳೋಕೆ ಮನಸ್ಸಾಗಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೆಂಚ್ ಎಳ್ಕೊಂಡು ಕೂತ್ರು. "ಸಾರ್, ನೀವು ಕೊಂಡಿದ್ದು ನಿಮ್ಮದೇ. ಇಂಟರ್ನೆಟ್ಟಿಂದ ಮತ್ತೆ ಇಳಿಸಿ ಕೊಡ್ತೀನಿ. ಯಾವ್ಯಾವುದು ಮುಖ್ಯ ಹೇಳಿ, ಅದನ್ನ ಮೊದಲು ಹಾಕ್ತೀನಿ" ಅಂತ ಪೆನ್ನು ಹಿಡಿದೆ.

ಅವರು ಮೇಲೆ ನೋಡಿದ್ರು, ಕೆಳಗೆ ನೋಡಿದ್ರು, ಬೆರಳು ಮಡಿಸಿದ್ರು. ಕಾಲು ಗಂಟೆಯಲ್ಲಿ ನೆನಪಾಗಿದ್ದು ನಾಲ್ಕು. ಅದರಲ್ಲಿ ಒಂದು, ಅವರೇ ಆಮೇಲೆ ಹೇಳಿದ ಹಾಗೆ, ತಂಗಿ ಮನೆಯದ್ದು.

"ಕಾರ್ ರೇಸ್ ಒಂದು ಹಾಕಿ ಕೊಡಿ. ಉಳಿದದ್ದು ಆಮೇಲೆ ನೋಡೋಣ" ಅಂದ್ರು. ಅದೊಂದನ್ನ ಹಾಕಿ ಕೊಟ್ಟೆ, ಡಬ್ಬ ಎತ್ಕೊಂಡು ಹೊರಟ್ರು. ಮುಖ ಬಾಡಿಹೋಗಿತ್ತು. ಇದ್ದ ಒಬ್ಬ ಗಿರಾಕಿನೂ ನನ್ನ ಕೈಯಾರೆ ಕಳಕೊಂಡೆ ಅನ್ನಿಸ್ತು. ಆವತ್ತೇ ಬಾಮೈದನಿಗೆ ಫೋನ್ ಮಾಡಿ, "ಬಂದು ಅಳತೆ ತಗೊಂಡು ಹೋಗೋ" ಅಂದೆ.

ಅವನಿಗೆ ಖುಷಿ ತಡೆಯೋಕಾಗಲಿಲ್ಲ. ಆದ್ರೂ, "ಆಷಾಢ ಕಳೀಲಿ ಭಾವ. ಆಷಾಢದಲ್ಲಿ ಮೋಮೋನೂ ಬೇಯಲ್ಲ" ಅಂದ.

ನಾಲ್ಕು ಜಾಯ್‌ಸ್ಟಿಕ್

ಶ್ರಾವಣ ಬಂದ ಮೊದಲ ಶನಿವಾರ ಬಾಮೈದ ಅಳತೆ ಟೇಪ್ ತಂದ. ಗೋಡೆಯಿಂದ ಗೋಡೆಗೆ ಟೇಪ್ ಎಳೀತಾ ಇದ್ದಾಗ ಹೊರಗೆ ಆಟೋ ನಿಂತಿತು. ಕಾಟನ್ ಸೀರೆ, ಕನ್ನಡಕ, ಅರವತ್ತೆಂಟು ಎಪ್ಪತ್ತರ ಒಬ್ರು ಹೆಂಗಸು ಇಳಿದ್ರು. ಹಿಂದೆ ಬಟ್ಟೆ ಚೀಲ ಹಿಡ್ಕೊಂಡು ನಮ್ಮ ಮ್ಯಾನೇಜರ್.

ಜಗಳಕ್ಕೇ ಬಂದಿದ್ದಾರೆ ಅಂದ್ಕೊಂಡು ಎದ್ದು ನಿಂತೆ.

"ನಮ್ಮತ್ತೆ ಸಾರ್. ತ್ಯಾಗರಾಜನಗರದಲ್ಲಿರೋದು" ಅಂತ ಮ್ಯಾನೇಜರ್ ಪರಿಚಯ ಮಾಡಿಸಿ, ಚೀಲ ಮೇಜಿನ ಮೇಲೆ ಸುರಿದ್ರು. ನಾಲ್ಕು ಜಾಯ್‌ಸ್ಟಿಕ್. ನೋಡ್ತಿದ್ದ ಹಾಗೇ ನನ್ನ ಕಣ್ಣರಳಿತು. ಹಿಡಿಯೋ ಜಾಗದ ಬಣ್ಣವೆಲ್ಲ ಹೋಗಿ ನುಣ್ಣಗಾಗಿತ್ತು. ಎಷ್ಟು ವರ್ಷ ಆಗಿತ್ತು ಅಂಥದ್ದು ನೋಡಿ!

ಆ ಮೇಡಂ ಆರಾಮಾಗಿ ಕೂತು ಹೇಳಿದ್ರು. "ಮಗಳ ಮನೆಗೆ ನಾಲ್ಕು ದಿನಕ್ಕೆ ಅಂತ ಹೋಗಿದ್ದೆ. ನಮ್ಮ ಅಳಿಯಂದಿರು ಟಿವಿಲಿ ಕಾರ್ ಓಡಿಸ್ತಾ ಕೂತಿದ್ರು. ಏನದು ಕೊಡಿ ನೋಡೋಣ ಅಂದೆ. ಒಂದೇ ಆಟ ಇದ್ದದ್ದಕ್ಕೆ ಕಲಿತೆ. ಮುನ್ನೂರಿದ್ದಿದ್ರೆ ತಲೆ ಕೆಟ್ಟು ಎದ್ದು ಹೋಗ್ತಿದ್ದೆ. ಈಗ ನಮ್ಮ ಬೀದಿಯವರು ನಾವು ನಾಲ್ಕು ಜನ. ಸಂಜೆ ಐದಕ್ಕೆ ಸಹಸ್ರನಾಮ, ಆರಕ್ಕೆ ರೇಸ್."

"ಡಬ್ಬ ಈಗ ಅವರ ಮನೇಲೇ ಇದೆ ಸಾರ್" ಅಂದ್ರು ಮ್ಯಾನೇಜರ್. "ನಾನು ಬ್ಯಾಂಕಿಂದ ನೇರ ಅಲ್ಲಿಗೆ ಹೋಗಿ ಸರದಿಗೆ ಕಾಯ್ತೀನಿ. ಐದನೆಯವನು. ಸಿಗೋದು ದಿನಕ್ಕೆ ಹತ್ತು ನಿಮಿಷ, ಆ ಹತ್ತು ನಿಮಿಷಕ್ಕೆ ಬೆಳಿಗ್ಗೆಯಿಂದ ಕಾಯ್ತಿರ್ತೀನಿ." ಹೇಳುವಾಗ ಅವರ ಮುಖ ನನ್ನ ಪಾರ್ಲರ್ ಹುಡುಗರ ಮುಖದ ಹಾಗೇ ಇತ್ತು.

"ಉಳಿದ ಮುನ್ನೂರ ಹನ್ನೊಂದೂ ಹಾಕಿ ಕೊಡ್ಲಾ ಮೇಡಂ?" ಅಂದೆ.

"ಬೇಡಪ್ಪ. ಎಲೆ ಮೇಲೆ ಬಡಿಸಿದ್ದು ಮೊದಲು ಮುಗೀಲಿ. ಬೆಟ್ಟದ ದಾರೀಲಿ ಒಂದು ತಿರುವು ಇನ್ನೂ ಕೈಗೆ ಹತ್ತಿಲ್ಲ." ಆಮೇಲೆ ಬಾಮೈದನ ಕಡೆ ತಿರುಗಿ, "ನೀನೇನಪ್ಪ ಅಳೀತಾ ಇದ್ದೀಯ?" ಅಂದ್ರು.

"ಮೋಮೋ ಕೌಂಟರ್ ಬರುತ್ತೆ ಆಂಟಿ ಇಲ್ಲಿ."

"ಹಾಗಾದ್ರೆ ನಮ್ಮದನ್ನ ಯಾರು ರಿಪೇರಿ ಮಾಡೋದು? ಬನಶಂಕರಿ ಭಜನಾ ಮಂಡಳಿಯವರು ಆರು ಜನ ಹೊಸದಾಗಿ ತಗೋತಿದ್ದಾರೆ. ಕೋಣನಕುಂಟೆಯವರೂ ಕೇಳ್ತಿದ್ದಾರೆ."

ನಾನು ಬಾಮೈದನ್ನ ನೋಡಿದೆ. ಅವನು ನನ್ನ ನೋಡಿದ. "ಟೇಪ್ ಸುತ್ತಿಡೋ. ಮೋಮೋಗೆ ಬೇರೆ ಜಾಗ ನೋಡೋಣ" ಅಂದೆ. ಅವನೂ ಪಾಪ, ಟೇಪ್ ಸುತ್ತಿ, "ಆರು ಪ್ಲಸ್ ನಾಲ್ಕು, ಹತ್ತು ಜಾಯ್‌ಸ್ಟಿಕ್ ಭಾವ" ಅಂತ ನನ್ನ ಪಕ್ಕದಲ್ಲೇ ಸ್ಕ್ರೂ ಬಿಚ್ಚೋಕೆ ಕೂತ.

ಮೊದಲು ಮೇಡಂದೇ ಬಿಚ್ಚಿದೆ. ಪೂರ್ತಿ ಒಂದು ತಿಂಗಳೂ ಆಡಿಲ್ಲ, ಆಗಲೇ ವೇಗದ ಬಟನ್ ಸವೆದು ತೂತು ಬೀಳೋದೊಂದು ಬಾಕಿ. ಎಡಕ್ಕೆ ತಿರುಗಿಸೋದು ಸವೆದಿದೆ, ಬಲಕ್ಕೆ ತಿರುಗಿಸೋದು ಸವೆದಿದೆ, ಹಾರ್ನ್ ಅಂತೂ ಪೂರ್ತಿ ಹೋಗಿದೆ. ಒಂದು ಬಟನ್ ಮಾತ್ರ ಅಂಗಡಿಯಿಂದ ತಂದ ಹಾಗೇ ಹೊಳೀತಿತ್ತು. ಉಳಿದ ಮೂರನ್ನೂ ಬಿಚ್ಚಿದ್ವಿ, ಅವುಗಳಲ್ಲೂ ಅದೊಂದೇ ಹೊಸದು.

"ಮೇಡಂ, ಇದು ಬ್ರೇಕು. ನಾಲ್ಕರಲ್ಲೂ ಒಂದು ಸಲನೂ ಒತ್ತಿದ ಗುರುತೇ ಇಲ್ಲವಲ್ಲ?"

ಅವರು ಕನ್ನಡಕ ಸರಿ ಮಾಡ್ಕೊಂಡು ನನ್ನನ್ನೇ ನೋಡಿದ್ರು. "ಬನಶಂಕರಿ ಸಿಗ್ನಲ್ಲಲ್ಲಿ ಮೂವತ್ತು ವರ್ಷ ಸ್ಕೂಟರ್ ಓಡಿಸಿದ್ದೀನಪ್ಪ. ಈ ಜನ್ಮಕ್ಕೆ ಒತ್ತಬೇಕಾದ ಬ್ರೇಕೆಲ್ಲ ಅಲ್ಲೇ ಒತ್ತಿ ಮುಗಿಸಿದ್ದೀನಿ."