ಚಪ್ಪಡಿಯ ದೂರು ಹೇಳಲು ಹೋಗಿ ವಂದನಾರ್ಪಣೆ ಮಾಡಿದ್ದು

ಪ್ರಜಾಪ್ರಭುತ್ವದ ಮೇಲೆ ನನಗೆ ಅಪಾರ ಗೌರವವಿದೆ. ಅದು ನಮ್ಮ ಮನೆಯಿಂದ ದೂರ ಇದ್ದಷ್ಟೂ ಗೌರವ ಹೆಚ್ಚು. ದೆಹಲಿಯ ವಿಚಾರವಾದರೆ ಬೆಳಗಿನ ಕಾಫಿ ಆರುವುದರೊಳಗೆ ಒಂದು ಸರ್ಕಾರ ಬೀಳಿಸಿ ಇನ್ನೊಂದನ್ನು ಕೂರಿಸಬಲ್ಲೆ. ಆದರೆ ಕುಮಾರಸ್ವಾಮಿ ಲೇಔಟಿನ ನಮ್ಮ ಗೇಟಿನ ಮುಂದೆ ಚರಂಡಿಯ ಚಪ್ಪಡಿ ಮುರಿದರೆ ಯಾರಿಗೆ ಹೇಳಬೇಕೆಂಬುದು ಇವತ್ತಿಗೂ ನನಗೆ ಸರಿಯಾಗಿ ತಿಳಿದಿಲ್ಲ.

ಚಪ್ಪಡಿ ಮುರಿದಿದ್ದು ನಿಜ. ನನ್ನ ಹೆಂಡತಿ ಪದ್ಮ ಸೊಪ್ಪು ತರುತ್ತಿದ್ದಾಗ ಕಾಲು ಅದರೊಳಗೆ ಇಳಿದು ಮಂಡಿ ಬನ್ನಿನಂತೆ ಊದಿಕೊಂಡಿತು. ಅವಳು ಗೋಡೆ ಹಿಡಿದು ನಡೆಯುವುದನ್ನು ನೋಡಿ ನಾನು ಎಣ್ಣೆ ಬಿಸಿಮಾಡಿ ತಂದೆ. ಅವಳಿಗೋ ಬೇರೆಯದೇ ಚಿಂತೆ. "ನಾನೇನೋ ಬದುಕಿದೆ. ಎದುರುಮನೆ ಅಜ್ಜಿ ದಿನಾ ಇದರ ಮೇಲೇ ದೇವಸ್ಥಾನಕ್ಕೆ ಹೋಗ್ತಾರೆ. ಅವರು ಬಿದ್ರೆ ಏನ್ರೀ ಗತಿ?" ಎಂದಳು.

ಆ ಅಜ್ಜಿಯ ಮಗ ಶೇಷಗಿರಿಯನ್ನು ಕೇಳಿದೆ. "ಕಾರ್ಪೊರೇಟರ್‌ಗೆ ಹೇಳ್ಬೇಕು ಸಾರ್" ಎಂದರು. ಯಾರು ಕಾರ್ಪೊರೇಟರ್ ಎಂದರೆ, "ಈಗ ಯಾರೂ ಇಲ್ಲ ಅನ್ಸತ್ತೆ. ಎಲೆಕ್ಷನ್ ಆಗ್ಬೇಕಲ್ಲ" ಎಂದರು. ಹಾಗಾದರೆ ನಮ್ಮದು ಯಾವ ವಾರ್ಡು? ರಸ್ತೆಯ ಆ ಕಡೆ ಒಂದಂತೆ, ಈ ಕಡೆ ಇನ್ನೊಂದಂತೆ. ನಲವತ್ತು ವರ್ಷ ಒಂದೇ ಬೀದಿಯವರೆಂದು ಪರಸ್ಪರ ಹೆಪ್ಪಿಗೆ ಮೊಸರು ಕೊಟ್ಟುಕೊಂಡಿದ್ದೆವು. ಕೊನೆಗೆ ಅವರೇ ದಾರಿ ತೋರಿಸಿದರು. "ಶನಿವಾರ ವಾರ್ಡ್ ಸಮಿತಿ ಸಭೆ ಇದೆ. ಯಾರ್ ಬೇಕಾದ್ರೂ ಹೋಗಿ ಮಾತಾಡ್ಬಹುದು. ಹೋಗಿ ಕೇಳಿಬಿಡಿ ಸಾರ್."

ಹೋದೆ. ಸರಿಯಾದ ಸಮಯಕ್ಕೆ ಹೋದದ್ದೇ ತಪ್ಪಾಯಿತು. ನಮ್ಮಲ್ಲಿ ಸಭೆಗೆ ಸಮಯಕ್ಕೆ ಸರಿಯಾಗಿ ಬರುವವನು ಶಾಮಿಯಾನದವನು, ಇಲ್ಲವೇ ಸನ್ಮಾನಿತ. ಕುರ್ಚಿ ಜೋಡಿಸುತ್ತಿದ್ದವರೊಬ್ಬರು ನನ್ನ ಬಿಳಿಕೂದಲು, ಇಸ್ತ್ರಿ ಅಂಗಿ ನೋಡಿ, "ಬನ್ನಿ ಸಾರ್, ವೇದಿಕೆ ಮೇಲ್ ಕೂತ್ಕೊಳ್ಳಿ. ಹಿರಿಯರು ಕೆಳಗೆ ಕೂತ್ರೆ ಚೆನ್ನಾಗಿರಲ್ಲ" ಎಂದರು. "ನಾನು ಒಂದು ಚಪ್ಪಡಿ ವಿಷಯ..." ಎಂದೆ. "ಎಲ್ಲಾ ಆಮೇಲೆ ಸಾರ್" ಎಂದು ಕೈಹಿಡಿದು ಹತ್ತಿಸಿಯೇಬಿಟ್ಟರು.

ಪ್ರಾರ್ಥನೆಯಾಯಿತು. ಅಧಿಕಾರಿಗಳು ಬಂದರು. ನನಗೆ ಶಾಲು ಹೊದಿಸಿ, ತಲೆಗೆ ಮೈಸೂರು ಪೇಟ ಇಟ್ಟರು. ಪೇಟ ಇಟ್ಟ ಮೇಲೆ ಮನುಷ್ಯನಿಗೆ ಕತ್ತು ತಿರುಗುವುದಿಲ್ಲ, ಬಾಯಲ್ಲಿ ದೂರೂ ಹೊರಡುವುದಿಲ್ಲ. ಕೆಳಗಿನಿಂದ ಜನ ಕಸ, ನಾಯಿ, ಬೀದಿದೀಪ ಎಂದು ಕೂಗುತ್ತಿದ್ದರು. ಒಬ್ಬ ಹೆಂಗಸು ನೇರ ನನ್ನನ್ನೇ ಹಿಡಿದರು. "ಮೇಲ್ ಕೂತಿದ್ದೀರಲ್ಲ ಅಂಕಲ್, ನೀವಾದ್ರೂ ಉತ್ತರ ಕೊಡಿ!" ನಾನು ಯಾರ ಕಡೆಯವನೆಂದು ನನಗೇ ಮರೆತುಹೋಗಿ, "ಗಮನಕ್ಕೆ ತಗೊಂಡಿದೀವಿ ಮೇಡಂ" ಎಂದುಬಿಟ್ಟೆ.

ಕೊನೆಗೆ ಮೈಕು ನನ್ನ ಕೈಗೇ ಬಂತು, ವಂದನಾರ್ಪಣೆಗೆ. ಇದೇ ಸಮಯವೆಂದು ಎದ್ದು ನಿಂತೆ. ಆದರೆ ವಿಮಾ ಕಚೇರಿಯಲ್ಲಿ ನಿವೃತ್ತಿಯಾದವರಿಗೆಲ್ಲ ಬೀಳ್ಕೊಡುಗೆ ಭಾಷಣ ಮಾಡಿ ಪಳಗಿದ ನಾಲಿಗೆ ನನ್ನ ಮಾತನ್ನೆಲ್ಲಿ ಕೇಳುತ್ತದೆ? ಅಧಿಕಾರಿಗಳ ಅವಿರತ ಶ್ರಮಕ್ಕೆ, ಮೈಕಿನವರಿಗೆ, ಬೋಂಡ ಕರಿದವರಿಗೆ, ಎಲ್ಲರಿಗೂ ವಂದಿಸಿತು. ಚಪ್ಪಡಿ ನೆನಪಾಗುವ ಹೊತ್ತಿಗೆ ರಾಷ್ಟ್ರಗೀತೆ ಶುರುವಾಗಿತ್ತು. ರಾಷ್ಟ್ರಗೀತೆಯ ಮಧ್ಯೆ ಚರಂಡಿಯ ಮಾತೆತ್ತುವಷ್ಟು ಧೈರ್ಯ ನನಗಿಲ್ಲ. ಅದು ಮುಗಿದ ಮೇಲೆ ಅಧಿಕಾರಿಗಳಾಗಲಿ ಬೋಂಡವಾಗಲಿ ಉಳಿದಿರಲಿಲ್ಲ.

ಮನೆಯಲ್ಲಿ ಪದ್ಮ ಮಂಡಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದಳು. "ಹೇಳಿದ್ರಾ?"

"ಸನ್ಮಾನ ಮಾಡಿದ್ರು ಕಣೇ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಚರಂಡಿಯ ಬಾಯಲ್ಲಿ ಒಂದು ದಪ್ಪ ಕೋಲು ನೆಟ್ಟಿತ್ತು. ಅದಕ್ಕೆ ನನ್ನ ಶಾಲು, ಅದರ ತುದಿಗೆ ನನ್ನ ಪೇಟ. ಪದ್ಮ ಕುಂಟುತ್ತಲೇ ಹೋಗಿ ನಿಲ್ಲಿಸಿ ಬಂದಿದ್ದಳು. ಅಜ್ಜಿ ದೇವಸ್ಥಾನಕ್ಕೆ ಹೊರಟವರು ದೂರದಿಂದಲೇ ಅದನ್ನು ಕಂಡು, ಹುಷಾರಾಗಿ ಬಳಸಿಕೊಂಡು ಬಂದರು. ಗೇಟಿನಲ್ಲಿ ನಿಂತಿದ್ದ ನನ್ನನ್ನು ನೋಡಿ ನಕ್ಕರು.

"ಒಳ್ಳೇ ಕೆಲಸ ಆಯ್ತು ಕಣಪ್ಪಾ. ಕಣ್ಣು ಮಂಜು ನೋಡು, ಅಲ್ಲಿಂದ ನೀನೇ ನಿಂತಿದ್ದೀಯ ಅಂದ್ಕೊಂಡೆ."

ಅಭ್ಯಾಸಬಲ. ಅವರಿಗೂ ವಂದನೆ ಅರ್ಪಿಸಿದೆ.