ಕಂಪೈಲರ್ ಉತ್ತರಿಸದ ಪ್ರಕರಣ

ಕಂಪೈಲರ್ ಏನೂ ಹೇಳಲಿಲ್ಲ. ಆದಕಾರಣ ನೀಲಂ ನಪಾಸಾದಳು.

ದಾಂಡೇಲಿಯ ಹೊಳೆದಂಡೆ ತಾಂತ್ರಿಕ ತರಬೇತಿ ಕೇಂದ್ರದಲ್ಲಿ ಅಂದು ಸಿ ಎಂಬ ಕಂಪ್ಯೂಟರ್ ಭಾಷೆಯ ಪ್ರಾಯೋಗಿಕ ಪರೀಕ್ಷೆ. ಕಪ್ಪು ಪರದೆಯ ಮೇಲೆ ಕಂಪೈಲರಿನ ಹೆಸರು, ಅದರ ಮುಂದೆ ತಾನು ಬರೆದ ಪ್ರೋಗ್ರಾಮಿನ ಹೆಸರು ಹೊಡೆದು ಎಂಟರ್ ಒತ್ತಬೇಕು. ಬರೆದದ್ದರಲ್ಲಿ ತಪ್ಪಿದ್ದರೆ ಯಾವ ಸಾಲಿನಲ್ಲಿ ಏನು ತಪ್ಪು ಎಂದು ಕಂಪೈಲರ್ ಹೇಳುತ್ತದೆ. ತಪ್ಪಿಲ್ಲದಿದ್ದರೆ ಸುಮ್ಮನೆ ಓಡುವ ಪ್ರೋಗ್ರಾಮು ತಯಾರಿಸಿ ಇಡುತ್ತದೆ. ನೀಲಂ ಎಂಟರ್ ಒತ್ತಿದಳು. ಅದು ಸುಮ್ಮನಿತ್ತು.

ಪರೀಕ್ಷಾ ನಿಯಮ ಸ್ಪಷ್ಟವಾಗಿದೆ: "ಕಂಪೈಲರಿನಿಂದ ಬಂದ ಉತ್ತರದ ಮುದ್ರಿತ ಪ್ರತಿಯನ್ನು ಅಭ್ಯರ್ಥಿಯು ಲಗತ್ತಿಸತಕ್ಕದ್ದು. ಉತ್ತರ ಲಗತ್ತಿಸದವರ ಪ್ರೋಗ್ರಾಮನ್ನು ಓಡಿಸಿ ನೋಡತಕ್ಕದ್ದಲ್ಲ."

ನೀಲಂ ಖಾಲಿ ಹಾಳೆ ಲಗತ್ತಿಸಿದಳು. ಮುಂಡಗೋಡದಿಂದ ಬಂದಿದ್ದ ಪರೀಕ್ಷಕ ಮಹಾಬಳೇಶ್ವರ ಅದನ್ನು ತಿರುವಿ ಹಿಂಬದಿಯನ್ನೂ ನೋಡಿದರು.

"ಇದೇನವಾ?"

"ಕಂಪೈಲರಿನ ಉತ್ತರ ರೀ ಸರ್."

"ಎಲ್ಲೈತಿ?"

"ತಪ್ಪಿಲ್ಲಂದ್ರ ಅದು ಮಾತಾಡೂದಿಲ್ರೀ."

"ನಮ್ಮ ಸಾಹೇಬ್ರೂ ನನ್ನ ಕೂಡ ಮಾತಾಡೂದಿಲ್ಲ. ಹಂಗಂತ ನಾ ಮಾಡಿದ್ದೆಲ್ಲಾ ಬರೋಬ್ಬರಿ ಅಂತೇನು?"

ಪಕ್ಕದ ಕುರ್ಚಿಯ ರೋಹಿದಾಸನಿಗೆ ಕಂಪೈಲರ್ ಮೂರು ಪುಟ ಉತ್ತರ ಕೊಟ್ಟಿತ್ತು. ಪರೀಕ್ಷಕರು ಅದಕ್ಕೆ ಸ್ವತಃ ಪಿನ್ನು ಹೊಡೆದರು. 'ಓಡಿಸಿದಾಗ ಬಂದ ಫಲ' ಎಂಬಲ್ಲಿ 'ಅನ್ವಯಿಸುವುದಿಲ್ಲ' ಎಂದು ಬರೆದು ಪೂರ್ತಿ ಅಂಕ ಹಾಕಿದರು.

"ಸರ್, ನಂದು ಓಡಂಗಿಲ್ರೀ," ಎಂದ ರೋಹಿದಾಸ. ಪ್ರಾಮಾಣಿಕ ಹುಡುಗ.

"ಓಡಸು ಅಂತ ನಿನಗ ಯಾರ್ ಹೇಳ್ಯಾರ? ಕುಂದ್ರು."

ನೀಲಂಗೆ ಪಾಸಾಗಲೇಬೇಕಿತ್ತು. ಮೌಳಂಗಿಯ ಕಡೆ ಹೊಳೆಯಲ್ಲಿ ಪ್ರವಾಸಿಗಳನ್ನು ಕೂರಿಸಿಕೊಂಡು ಹೋಗುವ ಬೋಟಿನವರ ಸಂಘವೊಂದಿದೆ. ಯಾರ ಬೋಟು ಮೊದಲು ಹೋಗಬೇಕೆಂದು ಅಲ್ಲಿ ಪ್ರತಿ ಭಾನುವಾರ ಹುಟ್ಟು ಹಿಡಿದು ಹೊಡೆದಾಟ. ಗೆದ್ದವರು ಯಾರೇ ಇರಲಿ, ಮೊದಲು ಹೋಗುವುದು ಸಂಘದ ಅಧ್ಯಕ್ಷರ ಬೋಟು. ನೀಲಂ ಪರೀಕ್ಷೆಗೆ ಬರೆದ ಪ್ರೋಗ್ರಾಮು ಎಲ್ಲರಿಗೂ ಸರಿಯಾಗಿ ಪಾಳಿ ಹಚ್ಚುತ್ತಿತ್ತು. ಸೋಮವಾರದೊಳಗೆ ಪ್ರಮಾಣಪತ್ರ ತಂದರೆ ಸಂಘದ ಕಂಪ್ಯೂಟರ್ ನೌಕರಿ ಅವಳದು. ತರದಿದ್ದರೆ ಅಧ್ಯಕ್ಷರ ಅಳಿಯ ಸುಭಾಸನದು.

ಅವಳ ಸೋದರಮಾವ ಬಾಬಾಜಿ ಆ ಸಂಘದಲ್ಲೇ ಬೋಟು ನಡೆಸುವವ. ಹಿಂದಿನ ಭಾನುವಾರದ ಹೊಲಿಗೆ ಇನ್ನೂ ಹಣೆಯ ಮೇಲಿತ್ತು. ಸೋದರಸೊಸೆಯನ್ನು ಕರೆದುಕೊಂಡು ಪ್ರಾಚಾರ್ಯೆ ಅನ್ನಪೂರ್ಣಾ ಅವರ ಕೋಣೆಗೆ ಹೋದ.

"ಬಾಯಾರ, ನಮ್ಮ ಹುಡುಗಿ ಏನ್ ತಪ್ಪ ಮಾಡ್ಯಾಳ್ರೀ?"

"ಏನೂ ಮಾಡಿಲ್ಲಪಾ. ಅದಕ್ಕ ತೊಂದ್ರಿ ಆಗೇತಿ."

"ಒಮ್ಮೆ ಓಡಿಸಿ ನೋಡ್ರಿ. ಹೆಂಗ ಓಡತೈತಿ ಅಂತೀರಿ!"

"ನೋಡಾಕ ನಿಯಮ ಇಲ್ಲ." ಪ್ರಾಚಾರ್ಯೆ ದಯಾಳು. ನೀಲಂ ಕಡೆ ತಿರುಗಿದರು. "ಒಂದ್ ಸಣ್ಣ ತಪ್ಪ ಮಾಡವಾ. ಎಲ್ಲಾರೂ ಮಾಡ್ಯಾರ. ನಿನ್ನ ಕೈಲೆ ಯಾಕ ಆಗೂದಿಲ್ಲ?"

"ತಪ್ಪ ಮಾಡಿದ್ರ ಅದು ಪಾಳಿ ಹಚ್ಚೂದಿಲ್ರೀ ಮೇಡಂ."

ಬಾಬಾಜಿ ಹಣೆ ಮುಟ್ಟಿಕೊಂಡ. "ನೌಕರಿ ಸುಭಾಸಗ ಹೋದ್ರ ಪಾಳಿ ಅಂಬೂದ ಇರೂದಿಲ್ಲ. ಮಾಡ ನನ್ನವ್ವಾ ತಪ್ಪ. ಆಮ್ಯಾಲೆ ತಿದ್ದೀಯಂತ."

ಮರುದಿನ ಸೂಚನಾ ಫಲಕದಲ್ಲಿ ಪ್ರಕಟಣೆ: "ಕಂಪೈಲರ್ ಉತ್ತರಿಸದ ಅಭ್ಯರ್ಥಿಗಳಿಗೆ ಮರುಪರೀಕ್ಷೆ ಏರ್ಪಡಿಸಲಾಗಿದೆ. ಸದರಿ ಅಭ್ಯರ್ಥಿಗಳು ಈ ಸಲವಾದರೂ ಸಿದ್ಧತೆ ಮಾಡಿಕೊಂಡು ಬರತಕ್ಕದ್ದು." ಅಂಥ ಅಭ್ಯರ್ಥಿ ಒಬ್ಬಳೇ.

ಅಂದೇ ನಡೆದ ಮರುಪರೀಕ್ಷೆಯಲ್ಲಿ ನೀಲಂ ಸಾಲಿನ ಕೊನೆಯ ಒಂದು ಸೆಮಿಕೋಲನ್ ತೆಗೆದಳು. ಕಂಪೈಲರ್ ನಾಲ್ಕು ಸಾಲು ಹೇಳಿತು.

"ಇಷ್ಟ?" ಎಂದರು ಮಹಾಬಳೇಶ್ವರ. "ಪಿನ್ನು ಹೊಡ್ಯಾಕ ಎರಡ್ ಹಾಳಿ ಆದ್ರೂ ಬೇಕಲಾ."

ನೀಲಂ ಮೇಲಿನ ಕೆಲವು ಸಾಲುಗಳನ್ನೂ ಅಳಿಸಿದಳು. ಬೋಟುಗಳ ಹೆಸರು ಇದ್ದ ಸಾಲುಗಳವು. ಎರಡು ಪುಟ ಬಂತು.

"ಶಾಬ್ಬಾಸ್. ಅಭ್ಯಾಸ ಮಾಡೀದಿ. ಹಿಂಗ ಮುಂದುವರಿ."

ನಿನ್ನೆ ಓಡುತ್ತಿದ್ದದ್ದು ಇಂದು ಓಡಲಿಲ್ಲ. ಷರಾದಲ್ಲಿ 'ಗಮನಾರ್ಹ ಸುಧಾರಣೆ' ಎಂದು ಬರೆಯಲಾಯಿತು. ಕೇಂದ್ರದ ಫಲಿತಾಂಶ ನೂರಕ್ಕೆ ನೂರು ಆಯಿತು. ಪ್ರಾಚಾರ್ಯೆ ಪೇಢೆ ಹಂಚಿದರು.

ಸೋಮವಾರ ನೀಲಂ ಪ್ರಮಾಣಪತ್ರ ಹಿಡಿದು ಸಂಘಕ್ಕೆ ಹೋದಳು. ನೌಕರಿ ಕೊಟ್ಟರು. ಅವಳು ಅಳಿಸಿದ ಸಾಲುಗಳನ್ನು ಮತ್ತೆ ಬರೆಯಲು ಕೂತಾಗ ಸುಭಾಸ ಎದ್ದು ನಿಂತ.

"ಏ ತಂಗೀ, ಕೈ ತೆಗಿ. ಪ್ರಮಾಣಪತ್ರ ಯಾವ ಪ್ರೋಗ್ರಾಮಿಗೆ ಕೊಟ್ಟಾರ?"

"ಓಡಲಾರದ್ದಕ್ಕ."

"ಹಂಗಾರ ಓಡಲಾರದ್ದ ಹಚ್ಚಬೇಕು. ತಿದ್ದಿದ್ದು ಯಾರ್ ಪರೀಕ್ಷೆ ಮಾಡ್ಯಾರ?"

"ಲೇ ಸುಭಾಸ, ಓಡಲಾರದ್ದ ತಗೊಂಡು ಪೂಜಿ ಮಾಡ್ಲೇನು?" ಎಂದ ಬಾಬಾಜಿ.

ಅಧ್ಯಕ್ಷರು ಇಬ್ಬರನ್ನೂ ಕೂರಿಸಿ ತರಬೇತಿ ಕೇಂದ್ರಕ್ಕೆ ಫೋನು ಹಚ್ಚಿದರು. ಕೇಂದ್ರದ ಅಭಿಪ್ರಾಯ ತಕ್ಷಣ ಬಂತು: ಪರೀಕ್ಷೆಗೆ ಒಳಪಟ್ಟ ತಪ್ಪುಗಳನ್ನು ತಿದ್ದಿದಲ್ಲಿ ಪ್ರಮಾಣಪತ್ರ ತಾನಾಗಿಯೇ ರದ್ದು, ಪ್ರಮಾಣಪತ್ರ ರದ್ದಾದಲ್ಲಿ ನೌಕರಿಯೂ ರದ್ದು. ಅಧ್ಯಕ್ಷರು ಬಹಳ ವ್ಯಥೆಪಟ್ಟರು. ಓಡದ ಪ್ರೋಗ್ರಾಮನ್ನೇ ಬಳಸತಕ್ಕದ್ದೆಂದು ಸಂಘದ ಸಭೆ ಠರಾವು ಪಾಸು ಮಾಡಿತು. ವಿರೋಧವಿದ್ದವರು ಕೈ ಎತ್ತಿರೆಂದಾಗ ಬಾಬಾಜಿ ಸೊಸೆಯ ಮುಖ ನೋಡಿದ. ಕೈ ಎತ್ತಲಿಲ್ಲ.

ಸಂಘ ಈಗ ಪೂರ್ಣ ಗಣಕೀಕೃತ. ನೀಲಂ ಪ್ರತಿ ಭಾನುವಾರ ಬೆಳಿಗ್ಗೆ ಪ್ರೋಗ್ರಾಮನ್ನು ಕಂಪೈಲ್ ಮಾಡುತ್ತಾಳೆ. ಎರಡು ಪುಟ ತಪ್ಪು ಬರುತ್ತದೆ. ಅದನ್ನು ಮುದ್ರಿಸಿ ಹೊಳೆಯ ಕಡೆಗಿನ ಗೋಡೆಗೆ ಅಂಟಿಸುತ್ತಾಳೆ. ಬೋಟಿನವರು ಸಾಲಾಗಿ ನಿಂತು ಓದುತ್ತಾರೆ. ಓದಿ, ಮೊದಲಿನಂತೆ ಒಬ್ಬರ ಮೇಲೊಬ್ಬರು ಹುಟ್ಟು ಎತ್ತುತ್ತಾರೆ.